ಕಾರ್ಪೆಟ್ ಅಲೆ ಎದ್ದಿದ್ದಕ್ಕೆ

ದಾವಣಗೆರೆಯ ನೆಲಮಹಡಿ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಆರೇ ತಿಂಗಳಿಗೆ ನಡುವೆ ಅಲೆ ಎದ್ದಿದೆ ಅಂದರೆ, ಬಹುಶಃ ಹಾಸುವಾಗ ಬಿಗಿಯಾಗಿ ಎಳೆದಿಲ್ಲ. ಮೊಣಕಾಲಲ್ಲಿ ತಳ್ಳುವ ಕಿಕ್ಕರ್ ಒಂದರಲ್ಲೇ ಮುಗಿಸಿರುತ್ತಾರೆ. ದೊಡ್ಡ ರೂಮಿಗೆ ಅದು ಸಾಲದು. ತೇವವೂ ಇರಬಹುದು, ಎತ್ತಿ ನೋಡದೆ ಹೇಳಲಾಗದು. ಒಂದು ಮೂಲೆ ಬಿಡಿಸಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ಮೊದಲು ಅದರ ಮೂಲ ಹುಡುಕಿ. ನಮ್ಮಲ್ಲಿ ಪಕ್ಕದ ಬಾತ್‌ರೂಮಿನ ಪೈಪು ಜಿನುಗುತ್ತಿತ್ತು. ಒಣಗಿದ್ದರೆ ಮಂಚ, ಬೀರು ಹೊರಗಿಟ್ಟು, ಪವರ್ ಸ್ಟ್ರೆಚರ್ (ಕಾರ್ಪೆಟ್ಟನ್ನು ಜೋರಾಗಿ ಎಳೆದು ಬಿಗಿ ಮಾಡುವ ಉದ್ದನೆ ಸಾಧನ) ಇರುವವರನ್ನೇ ಕರೆಸಿ. ಅವರು ಮತ್ತೆ ಎಳೆದು ಗೋಡೆಯಂಚಿನ ಮೊಳೆಪಟ್ಟಿಗೆ ಸಿಕ್ಕಿಸಿ, ಮಿಕ್ಕ ಅಂಚು ಕತ್ತರಿಸಲಿ. ಟೈಲ್ಸ್ ಮೇಲೆ ಅಂಟು ಹಾಕಿ ಹಾಸಿದ್ದರೆ ಇದು ನಡೆಯದು, ಎಬ್ಬಿಸಿ ಹೊಸದಾಗಿ ಅಂಟಿಸಬೇಕು.