ಬಳ್ಳಾರಿ ಜೀನ್ಸ್, ಮೋಕಾ ಕಾಫಿ ಮತ್ತು ಡಾಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಇಂಗ್ಲಿಷಿನ ‘ಬಂಗಲೋ’ ಪದ ಬಂಗಾಳದಿಂದ ಹೋದದ್ದು ಅಂತ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಈ ಸಲ ಬಂದ ಪ್ರಶ್ನೆಗಳೆಲ್ಲ ಊರ ಹೆಸರುಗಳದ್ದೇ. ವ್ಯಾಕರಣದ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಡೆನಿಮ್ ಅನ್ನೋದು ಫ್ರಾನ್ಸಿನ ಊರು, ಜೀನ್ಸ್ ಅನ್ನೋದು ಇಟಲಿಯ ಊರು ಅಂತ ಒಬ್ಬರು ಹೇಳಿದರು. ನಿಜವಾ? (ಬಳ್ಳಾರಿಯ ಓದುಗರು)

ಉತ್ತರ: ನಿಜ. ನಾನು ಬೆಳೆದದ್ದು ಅಪ್ಪನ ಬಟ್ಟೆ ಅಂಗಡಿಯಲ್ಲಿ, ಥಾನುಗಳ ನಡುವೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ದಕ್ಷಿಣ ಫ್ರಾನ್ಸಿನಲ್ಲಿ ನೀಮ್ ಎಂಬ ಊರಿದೆ. ಅಲ್ಲಿನ ಬಟ್ಟೆಗೆ ‘ಸೆರ್ಜ್ ದ ನೀಮ್’ ಎಂದು ಹೆಸರು, ಅಂದರೆ ನೀಮಿನ ಸರ್ಜು, ಓರೆ ಗೆರೆಯ ನೇಯ್ಗೆಯ ಗಟ್ಟಿ ಬಟ್ಟೆ. ಇಂಗ್ಲಿಷರ ಬಾಯಲ್ಲಿ ಮುಂದಿನದು ಉದುರಿ ‘ದ ನೀಮ್’ ಮಾತ್ರ ಉಳಿಯಿತು. ಅದೇ ಡೆನಿಮ್. ಜೀನ್ ಬಂದದ್ದು ಇಟಲಿಯ ಬಂದರು ಜಿನೋವಾದಿಂದ. ಮೊದಲು ಇವೆರಡೂ ಬೇರೆ ಬೇರೆ ಬಟ್ಟೆ. 1873ರಲ್ಲಿ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಸೇರಿ, ಜೇಬಿನ ಮೂಲೆ ಕಿತ್ತುಹೋಗದಂತೆ ರಿವೆಟ್ ಹೊಡೆಯುವುದಕ್ಕೆ ಪೇಟೆಂಟ್ ಪಡೆದರು. ಆ ಪ್ಯಾಂಟು ಹೆಸರುವಾಸಿಯಾದದ್ದು ಡೆನಿಮ್ ಬಟ್ಟೆಯಲ್ಲಿ. ಆದರೆ ಜನ ಕರೆದದ್ದು ಜೀನ್ಸ್ ಅಂತ. ಬಟ್ಟೆ ಒಂದೂರಿನದು, ಹೆಸರು ಇನ್ನೊಂದೂರಿನದು.

ಇಲ್ಲಿಗೇ ಮುಗಿಯಲಿಲ್ಲ. ನಿಮ್ಮ ಕತ್ತರಿ ಮೇಜಿನ ಮೇಲಿರುವ ಒಂದು ತುಂಡನ್ನು ತಿರುಗಿಸಿ ನೋಡಿ. ಹೊರಮೈ ನೀಲಿ, ಒಳಮೈ ಬಿಳಿಚಿಕೊಂಡಂತೆ ಇರುತ್ತದೆ. ಹಾಸು ನೂಲಿಗೆ ಮಾತ್ರ ನೀಲಿ ಅದ್ದಿರುತ್ತಾರೆ, ಹೊಕ್ಕು ಬಿಳಿಯದೇ. ನೇಯ್ಗೆಯ ಗೆರೆ ಓರೆಯಾಗಿ ಹೋಗುವುದರಿಂದ ನೀಲಿ ಮೇಲೆ ತೇಲುತ್ತದೆ, ಬಿಳಿ ಹಿಂದೆ ಅಡಗುತ್ತದೆ. ಆ ನೀಲಿಗೆ ಇಂಗ್ಲಿಷಿನಲ್ಲಿ ಇಂಡಿಗೊ ಅನ್ನುತ್ತಾರಲ್ಲ, ಅದು ಗ್ರೀಕರ ‘ಇಂಡಿಕಾನ್’, ಅಂದರೆ ಇಂಡಿಯಾದ್ದು. 1897ರಲ್ಲಿ ಜರ್ಮನಿಯ ಕಾರ್ಖಾನೆಯೊಂದು ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಮೇಲೆ ನಮ್ಮ ನೀಲಿ ಗಿಡದ ಬೇಸಾಯ ನೆಲಕಚ್ಚಿತು. ಹೆಸರಲ್ಲಿ ಮಾತ್ರ ಇಂಡಿಯಾ ಇನ್ನೂ ಇದೆ. ಫ್ರಾನ್ಸ್, ಇಟಲಿ, ಇಂಡಿಯಾ ಮೂರೂ ಸೇರಿದ ಪ್ಯಾಂಟನ್ನು ನೀವು ಬಳ್ಳಾರಿಯಲ್ಲಿ ಹೊಲಿಯುತ್ತಿದ್ದೀರಿ. ಲೇಬಲ್ಲಿನಲ್ಲಿ ಬಳ್ಳಾರಿ ಅಂತ ಯಾರಾದರೂ ಹಾಕುತ್ತಾರಾ?

ಪ್ರಶ್ನೆ: ನಮ್ಮ ದೇಶದ ಊರಿನ ಹೆಸರಿನ ಬಟ್ಟೆಗಳೂ ಇಂಗ್ಲಿಷಿನಲ್ಲಿ ಇವೆಯಂತೆ. ಒಂದೆರಡು ಹೇಳಿ. (ಹಾವೇರಿಯ ವಿದ್ಯಾರ್ಥಿನಿ)

ಉತ್ತರ: ಕ್ಯಾಲಿಕೊ. ಕಲ್ಲಿಕೋಟೆ ಬಂದರಿನಿಂದ ಯುರೋಪಿಗೆ ಹೋದ ಹತ್ತಿಬಟ್ಟೆ. ಆಮೇಲೆ ಹಿಂದೂಸ್ತಾನದ ಯಾವ ಮೂಲೆಯಲ್ಲಿ ನೇಯ್ದ ಹತ್ತಿಬಟ್ಟೆಯಾದರೂ ಅವರಿಗೆ ಕ್ಯಾಲಿಕೊನೇ. ಹೆಸರಿಡುವವನು ನೇಯುವವನಲ್ಲ, ಕೊಳ್ಳುವವನು. ಅವನಿಗೆ ಕಾಣುವುದು ಹಡಗು ನಿಂತ ಜಾಗ ಮಾತ್ರ.

ಈ ಬಟ್ಟೆಯ ಹುಚ್ಚು ಎಷ್ಟಿತ್ತೆಂದರೆ, ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಬೀದಿಗಿಳಿದರು. 1719ರಲ್ಲಿ ಲಂಡನ್ನಿನಲ್ಲಿ ಕ್ಯಾಲಿಕೊ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. 1721ರಲ್ಲಿ ಪಾರ್ಲಿಮೆಂಟು ಅದನ್ನು ಉಡುವುದನ್ನೇ ನಿಷೇಧಿಸಿತು. ಆ ಕಾನೂನು ಹೋದದ್ದು 1774ರಲ್ಲಿ. ನಮ್ಮ ಬೈಂಡರುಗಳು ಪುಸ್ತಕದ ರಟ್ಟಿಗೆ ಅಂಟಿಸುವ ಬಟ್ಟೆಗೆ ಇವತ್ತಿಗೂ ಕ್ಯಾಲಿಕೊ ಅನ್ನುತ್ತಾರೆ. ಕಲ್ಲಿಕೋಟೆಯಿಂದ ಹೊರಟ ಹೆಸರು ಲಂಡನ್ ಸುತ್ತಿ ವಾಪಸು ಬಂದದ್ದು ಹೀಗೆ.

ಕೆಲಸಗಾರರು ತೊಡುವ ದಪ್ಪ ಹತ್ತಿಬಟ್ಟೆಯ ಉಡುಪು ಡಂಗರೀಸ್, ಅದು ಮುಂಬೈನ ಡೋಂಗ್ರಿಯದು. ಕುದುರೆ ಸವಾರರ ಜೋಧ್‌ಪುರ್ಸ್ ಯಾವ ಊರಿನದು ಅಂತ ಹೇಳಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ನಾನು ಕಾಫಿ ತೋಟದವನು. ಮಗಳು ಬೆಂಗಳೂರಿನಲ್ಲಿ ‘ಮೋಕಾ’ ಅಂತ ಏನೋ ಕುಡಿಸಿದಳು. ಬರೀ ಚಾಕೊಲೇಟ್ ವಾಸನೆ. ಮೋಕಾ ಅನ್ನೋದು ಕಾಫಿಯ ತಳಿಯಾ, ಊರಾ? (ಮೂಡಿಗೆರೆಯ ಓದುಗರು)

ಉತ್ತರ: ಊರು. ಯೆಮೆನ್ ದೇಶದಲ್ಲಿ, ಕೆಂಪು ಸಮುದ್ರದ ದಡದಲ್ಲಿದೆ. ಬಾಬಾಬುಡನ್ ಏಳು ಬೀಜ ತಂದದ್ದು ಅಲ್ಲಿಂದ ಅಂತ ನಿಮ್ಮ ಜಿಲ್ಲೆಯಲ್ಲಿ ಸಣ್ಣ ಮಕ್ಕಳೂ ಹೇಳುತ್ತಾರೆ. ತಮಾಷೆ ಅಂದರೆ ಮೋಕಾ ಊರಿನಲ್ಲಿ ಕಾಫಿ ಬೆಳೆಯುವುದಿಲ್ಲ. ಅದು ಸುಡುವ ಕರಾವಳಿ. ಬೆಳೆ ಒಳನಾಡಿನ ಬೆಟ್ಟಗಳದ್ದು, ಹಡಗಿಗೆ ಏರುತ್ತಿದ್ದದ್ದು ಮೋಕಾದಲ್ಲಿ. ಮತ್ತೆ ಅದೇ ಕತೆ. ನಿಮ್ಮದೇ ನೋಡಿ, ಚಿಕ್ಕಮಗಳೂರು, ಕೊಡಗಿನ ಒಳ್ಳೆಯ ಅರೇಬಿಕಾ ಹೊರದೇಶಕ್ಕೆ ಹೋಗುವಾಗ ‘ಮೈಸೂರ್ ನಗೆಟ್ಸ್’ ಅನ್ನಿಸಿಕೊಳ್ಳುತ್ತದೆ. ಈಗ ಮೋಕಾ ಅಂದರೆ ಕಾಫಿಗೆ ಚಾಕೊಲೇಟ್ ಬೆರೆಸಿದ್ದು. ನನ್ನ ಕೇಳಿದರೆ, ಅದಕ್ಕೆ ಕೊಡುವ ದುಡ್ಡಲ್ಲಿ ಎರಡು ಫಿಲ್ಟರ್ ಕಾಫಿ ಕುಡಿದು ಇಡ್ಲಿಯನ್ನೂ ತಿನ್ನಬಹುದು.

ಇನ್ನೊಂದು ಸಂಗತಿ. ಡಚ್ಚರು 1690ರ ದಶಕದಲ್ಲಿ ಮಲಬಾರಿನಿಂದ ಗಿಡ ಒಯ್ದು ಜಾವಾ ದ್ವೀಪದಲ್ಲಿ ನೆಟ್ಟರು. ಅಮೆರಿಕನ್ನರ ಆಡುಮಾತಿನಲ್ಲಿ ಕಾಫಿಗೇ ‘ಜಾವಾ’ ಅನ್ನುವ ಹೆಸರು ಬಂತು. 1995ರಲ್ಲಿ ಹೊರಬಂದ ಕಂಪ್ಯೂಟರ್ ಭಾಷೆಗೂ ಅದೇ ಹೆಸರಿಟ್ಟರು. ಅದರ ಲೋಗೊದಲ್ಲಿ ಹೊಗೆಯಾಡುವ ಕಪ್ಪಿದೆ. ಮಗಳು ಸಾಫ್ಟ್‌ವೇರಿನಲ್ಲಿದ್ದರೆ ಕೇಳಿ ನೋಡಿ.

ಪ್ರಶ್ನೆ: ಇಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ‘ಐ ವಾಸ್ ಬ್ಯಾಂಗಲೋರ್ಡ್’ ಅಂದರು. ನಾನು ಬೆಂಗಳೂರಿನವನು, ನಗಬೇಕೋ ಬೇಡವೋ ತಿಳಿಯಲಿಲ್ಲ. (ನ್ಯೂಜೆರ್ಸಿಯ ಓದುಗರು)

ಉತ್ತರ: ನಗಬೇಡಿ, ಪಾಪ ಅವರ ಕೆಲಸ ಹೋಗಿತ್ತು. 2000ದ ದಶಕದಲ್ಲಿ ಅಮೆರಿಕದ ಕಂಪನಿಗಳು ಕೆಲಸವನ್ನು ಇಲ್ಲಿಗೆ ಸಾಗಿಸಿದಾಗ ಹುಟ್ಟಿದ ಕ್ರಿಯಾಪದ ಅದು. ನನಗೆ ಈ ಪದ ಇಷ್ಟ ಇಲ್ಲ. ಕೆಲಸ ತೆಗೆದದ್ದು ಅಲ್ಲಿನ ಮಾಲೀಕ, ಬೈಗುಳ ಬಿದ್ದದ್ದು ನಮ್ಮೂರಿಗೆ. 2014ರ ನವೆಂಬರ್ 1ರಿಂದ ಊರು ಇಂಗ್ಲಿಷಿನಲ್ಲೂ ಬೆಂಗಳೂರು ಆಗಿದೆ. ‘ಬೆಂಗಳೂರ್ಡ್’ ಅನ್ನೋದು ಯಾರ ನಾಲಿಗೆಗೂ ಹೊರಳದು, ಅಷ್ಟರಮಟ್ಟಿಗೆ ಒಳ್ಳೆಯದೇ.

ಸೈನಿಕರ ಇಂಗ್ಲಿಷಿನಲ್ಲಿ ಇದಕ್ಕಿಂತ ಹಳೆಯ ‘ಬ್ಯಾಂಗಲೋರ್ ಟಾರ್ಪೆಡೊ’ ಇದೆ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯ ಕ್ಯಾಪ್ಟನ್ ಮ್ಯಾಕ್‌ಕ್ಲಿಂಟಾಕ್ ಮಾಡಿದ್ದು. ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಕೆಳಗೆ ದೂರದಿಂದಲೇ ತಳ್ಳಿ ಸಿಡಿಸುವುದು. 1944ರ ಜೂನ್ 6ರಂದು ನಾರ್ಮಂಡಿ ದಡದಲ್ಲಿ ಇಳಿದ ಸೈನಿಕರೂ ಇದನ್ನು ಹೊತ್ತಿದ್ದರು.

ಪ್ರಶ್ನೆ: ನಾನು ದೇವಲಾಲಿಯಲ್ಲಿ ತರಬೇತಿ ಪಡೆದ ನಿವೃತ್ತ ಫಿರಂಗಿ ದಳದವನು. ಇಂಗ್ಲಿಷರು ತಲೆಕೆಟ್ಟವನಿಗೆ ‘ಡೂಲಾಲಿ’ ಅನ್ನುವುದು ಅದೇ ಊರಿನಿಂದಲೇ? (ಮಡಿಕೇರಿಯ ಓದುಗರು)

ಉತ್ತರ: ಹೌದು, ನಾಸಿಕದ ಹತ್ತಿರದ ಅದೇ ದೇವಲಾಲಿ. ಅವಧಿ ಮುಗಿದ ಬ್ರಿಟಿಷ್ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ಕಾಯುತ್ತಿದ್ದರು. ಹಡಗು ವರ್ಷವಿಡೀ ಇರಲಿಲ್ಲ. ಡ್ರಿಲ್ ಇಲ್ಲ, ಕೆಲಸ ಇಲ್ಲ, ಸುಮ್ನೆ ಸೆಖೆಯಲ್ಲಿ ತಿಂಗಳುಗಟ್ಟಲೆ ಕೂರಬೇಕು. ತಲೆ ಕೆಡದೆ ಇನ್ನೇನಾಗುತ್ತದೆ? ಪೂರ್ತಿ ಮಾತು ‘ಡೂಲಾಲಿ ಟ್ಯಾಪ್’. ಆ ಟ್ಯಾಪ್ ಅಂದರೆ ನಮ್ಮ ತಾಪವೇ, ಜ್ವರ.

ಪ್ರಶ್ನೆ: ಬಿಕಿನಿ ಕೂಡ ಊರಾ? (ಹೆಸರು ಬೇಡ ಎಂದ ಓದುಗರು, ಶಿವಮೊಗ್ಗ)

ಉತ್ತರ: ಪೆಸಿಫಿಕ್ ಸಾಗರದ ಹವಳದ ದ್ವೀಪ. 1946ರ ಜುಲೈ 1ರಂದು ಅಮೆರಿಕ ಅಲ್ಲಿ ಅಣುಬಾಂಬ್ ಸಿಡಿಸಿತು. ಜುಲೈ 5ರಂದು ಪ್ಯಾರಿಸ್ಸಿನಲ್ಲಿ ಲೂಯಿ ರೆಆರ್ ತನ್ನ ಈಜುಡುಗೆಗೆ ಆ ಹೆಸರಿಟ್ಟು ತೋರಿಸಿದ. ಅಷ್ಟರಲ್ಲಿ ದ್ವೀಪದ 167 ಜನರನ್ನು ಬೇರೆ ಕಡೆ ಸಾಗಿಸಿಯಾಗಿತ್ತು. ಅವರ ಊರು ಅವರಿಗೆ ಮತ್ತೆ ನೆಟ್ಟಗೆ ಸಿಗಲೇ ಇಲ್ಲ. ಇದರ ಬಗ್ಗೆ ಜೋಕು ಬರೆಯಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಡಾಲರ್ಸ್ ಕಾಲನಿಯಲ್ಲಿ ಬಾಡಿಗೆಗಿದ್ದೇನೆ. ಡಾಲರ್ ಹಿಂದೆಯೂ ಊರು ಇದೆಯಾ? (ಬೆಂಗಳೂರಿನ ಓದುಗರು)

ಉತ್ತರ: ಇದೆ. ಈಗಿನ ಚೆಕ್ ದೇಶದ ಯಾಹಿಮೋವ್. ಜರ್ಮನ್ನರು ಯೊಆಖಿಮ್ಸ್‌ತಾಲ್ ಅನ್ನುತ್ತಿದ್ದರು, ‘ತಾಲ್’ ಅಂದರೆ ಕಣಿವೆ. 1520ರ ಹೊತ್ತಿಗೆ ಅಲ್ಲಿನ ಗಣಿಯ ಬೆಳ್ಳಿಯಲ್ಲಿ ಟಂಕಿಸಿದ ನಾಣ್ಯಕ್ಕೆ ‘ತಾಲರ್’ ಎಂದು ಹೆಸರಾಯಿತು, ಅದೇ ಸವೆದು ಡಾಲರ್. ಮೇರಿ ಕ್ಯೂರಿ ರೇಡಿಯಂ ಬೇರ್ಪಡಿಸಿದ್ದೂ ಅದೇ ಗಣಿಯ ಅದಿರಿನಿಂದ. ನಿಮ್ಮ ಬಾಡಿಗೆ ಜಾಸ್ತಿಯಾಗಿರುವ ವಿಚಾರ ಮಾತ್ರ ಈ ಅಂಕಣಕ್ಕೆ ಬರುವುದಿಲ್ಲ.