ಬಾನೆಟ್ ಮೊದಲು ಕೂರ್ಲಿ, ಬಣ್ಣ ಆಮೇಲೆ ನೋಡೋಣ: ಓದುಗರ ಕಾರ್ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಹಳೇ ಅಮೆರಿಕನ್ ಗಾಡಿಗಳ ಬಾನೆಟ್ ಸ್ಕೂಪ್ (ಬಾನೆಟ್ ಮೇಲೆ ಉಬ್ಬಿರೋ, ಗಾಳಿ ಒಳಗೆ ತಗೊಳ್ಳೋ ಬಾಯಿ) ಬಗ್ಗೇನೇ ಇವೆ, ಹಾಗಾಗಿ ಎಲ್ಲಾ ಒಟ್ಟಿಗೆ ತಗೊಂಡಿದೀನಿ. ಹೆಚ್ಚಿನವು ಅಲ್ಲಿ ನೆಲೆಸಿರೋ ನಮ್ಮೋರಿಂದ, ಒಂದು ದಾವಣಗೆರೆಯಿಂದ.

ಪ್ರಶ್ನೆ (ಹ್ಯೂಸ್ಟನ್, ಟೆಕ್ಸಾಸ್): ನಮಸ್ಕಾರ ಸರ್, ನಾನು ಶಿವಮೊಗ್ಗ ಕಡೆಯವನು, ಇಲ್ಲಿ ಕೆಲಸದಲ್ಲಿದೀನಿ. 1969ರ ಫೋರ್ಡ್ ಮಸ್ಟಾಂಗ್ ಸ್ಪೋರ್ಟ್ಸ್‌ರೂಫ್ ತಗೊಂಡಿದೀನಿ, 302 ಘನ ಇಂಚಿನ ಇಂಜಿನ್, ಸ್ಕೂಪ್ ಇಲ್ಲದ ಪ್ಲೇನ್ ಬಾನೆಟ್. ಸ್ಕೂಪ್ ಇರೋ ಫೈಬರ್‌ಗ್ಲಾಸ್ ಬಾನೆಟ್ ಆರ್ಡರ್ ಮಾಡ್ಬೇಕು ಅಂತಿದೀನಿ. ಹಳೇದು ಬಿಚ್ಚಿ ಇದನ್ನ ಬೋಲ್ಟ್ ಮಾಡಿದ್ರೆ ಮುಗೀತು ಅಂತಾರೆ ಮಾರೋರು. ನೇರ ಪೇಂಟರ್ ಅಡ್ರೆಸ್‌ಗೇ ತರಿಸಿ, ಬಣ್ಣ ಹೊಡೆಸಿ, ಆಮೇಲೆ ಮನೇಲಿ ನಾನೇ ಫಿಟ್ ಮಾಡೋ ಪ್ಲಾನ್. ಸರಿ ಇದೆಯಾ?

ಉತ್ತರ: ಗಾಡಿ ಆಯ್ಕೆ ಬಹಳ ಚೆನ್ನಾಗಿದೆ, ಪ್ಲಾನ್ ಮಾತ್ರ ತಿರುಗಾಮುರುಗಾ ಆಗಿದೆ, ಬಣ್ಣ ಕೊನೇಗೆ ಇಟ್ಕೊಳ್ಳಿ ದಯವಿಟ್ಟು. ಕಂಪನಿ ಬಾನೆಟ್ಟನ್ನ ತಗಡು ಒತ್ತಿ ಮಾಡ್ತಿದ್ರು, ಹೊರಗಿಂದ ತರಿಸೋ ಫೈಬರ್‌ಗ್ಲಾಸ್ ಬಾನೆಟ್ ಒಂದು ಅಚ್ಚಿನ ಮೇಲೆ ಗಾಜಿನ ನಾರಿನ ಹಾಸು (ಮ್ಯಾಟ್), ಅದನ್ನ ಗಟ್ಟಿ ಮಾಡೋ ಅಂಟು (ರೆಸಿನ್) ಕೈಯಲ್ಲಿ ಹಾಸಿ ತೆಗೆದಿದ್ದು. ಒಂದೇ ಅಚ್ಚಿಂದ ಬಂದ ಎರಡು ಬಾನೆಟ್ ಕೂಡ ಸ್ವಲ್ಪ ಆಚೀಚೆ ಇರುತ್ವೆ, ಅದರ ಜೊತೆ ನಿಮ್ಮ ಗಾಡಿಗೂ ಐವತ್ತು ವರ್ಷದ ಮೇಲಾಗಿದೆ, ಎಲ್ಲೋ ಗುದ್ದಿಸಿಕೊಂಡಿರುತ್ತೆ, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಯಾವಾಗಲೋ ಬಿಚ್ಚಿ ಹಾಕಿರ್ತಾರೆ. ಹಂಗಾಗಿ ಅಂಚು ಉಜ್ಜೋದು, ಅಂಚು ಕಟ್ಟೋದು, ಮೂಲೆ ಏರಿಸೋದು ಇಳಿಸೋದು ಇದ್ದೇ ಇರುತ್ತೆ, ಬಣ್ಣ ಹೊಡೆದ ಮೇಲೆ ಇದ್ಯಾವುದೂ ಮಾಡೋಕಾಗಲ್ಲ. ಇನ್ನೊಂದು, ಪ್ರೈಮರ್ ಬಿದ್ದ ಮೇಲೆ ಮಾರಿದೋರು ವಾಪಸ್ ತಗೊಳ್ಳೋದು ಕಷ್ಟ.

ಬಾನೆಟ್ ದೊಡ್ಡ ಪೆಟ್ಟಿಗೇಲಿ ಲಾರಿ ಮೇಲೆ ಬರುತ್ತೆ. ಡ್ರೈವರ್ ಎಷ್ಟೇ ಅವಸರ ಮಾಡಿದ್ರೂ ಸೈನ್ ಹಾಕೋ ಮುಂಚೆ ಪೆಟ್ಟಿಗೆ ಬಿಚ್ಚಿ ನಾಲ್ಕು ಮೂಲೆ ನೋಡಿ, ಏಟು ಬಿದ್ದಿದ್ರೆ ರಸೀದಿ ಮೇಲೇನೇ ಬರೆದು ಫೋಟೋ ತೆಗೆದು ಆಮೇಲೆ ಸೈನ್ ಮಾಡಿ. ತಂದ ಮೇಲೆ ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಡಬೇಡಿ, ಫೈಬರ್ ತನ್ನ ಭಾರಕ್ಕೇ ತಿರುಚಿಕೊಳ್ಳುತ್ತೆ. ಗಾಡಿ ಮೇಲೇ ಕೂರಿಸಿಡೋದು ಒಳ್ಳೇದು.

ಹಳೇ ಬಾನೆಟ್ ಬಿಚ್ಚೋಕೆ ಮುಂಚೆ ಹಿಂಜ್ (ಬಾನೆಟ್ ತೆರೆಯೋ ಕೀಲು) ಎಲ್ಲೆಲ್ಲಿ ಕೂತಿದೆಯೋ ಅದರ ಸುತ್ತ ಮಾರ್ಕರ್‌ನಿಂದ ಗೆರೆ ಎಳೀರಿ, ಹೊಸದಕ್ಕೆ ಅದೇ ಆರಂಭದ ಅಳತೆ. ಫೆಂಡರ್ ಅಂಚಿಗೆ, ಕಾರಿನ ಗಾಜಿನ ಕೆಳಗಿರೋ ಕೌಲ್ ಅಂಚಿಗೆ ಎರಡು ಮೂರು ಪದರ ಮಾಸ್ಕಿಂಗ್ ಟೇಪ್ ಹಾಕಿ, ಇಬ್ಬರು ಹಿಡ್ಕೊಂಡು ಎತ್ತಿ, ಒಬ್ಬರೇ ಮಾಡೋ ಕೆಲಸ ಅಲ್ಲ. ಹೊಸ ಬಾನೆಟ್ಟನ್ನ ಮೊದಲ ಸಲ ಮುಚ್ಚುವಾಗ ಇಂಚಿಂಚಾಗಿ ಇಳಿಸಿ, ಹಿಂದಿನ ಅಂಚು ಕೌಲ್‌ಗೆ ಹೊಡೆಯುತ್ತಾ ಅಂತ ಒಬ್ಬರು ಪಕ್ಕದಿಂದ ನೋಡ್ತಾ ಇರಬೇಕು, ಹೊಸ ಬಾನೆಟ್ ಒಡೆಯೋ ಜಾಗ ಇದೇ. ಮತ್ತೆ ಆ ಹೊತ್ತಲ್ಲಿ ಲಾಕ್ ಕೊಂಡಿ ಬಿಚ್ಚಿಟ್ಟಿರಿ, ಇಲ್ಲಾಂದ್ರೆ ಅಳತೆ ಸರಿ ಇಲ್ಲದೆ ಲಾಕ್ ಬಿದ್ದು ಮತ್ತೆ ತೆಗೆಯೋಕೇ ಆಗಲ್ಲ.

ಈಗ ಮುಖ್ಯವಾದ ವಿಷಯ, ಹಿಂಜ್ ಸ್ಪ್ರಿಂಗು. ಅದರ ಬಲ ಲೆಕ್ಕ ಹಾಕಿರೋದು ತಗಡಿನ ಬಾನೆಟ್ ಭಾರಕ್ಕೆ, ಫೈಬರ್ ಅದಕ್ಕಿಂತ ಬಹಳ ಹಗುರ. ಅದೇ ಸ್ಪ್ರಿಂಗ್ ಬಿಟ್ರೆ ಮುಚ್ಚುವಾಗ ಹಿಂದೆ ಎತ್ತಿ ಹಿಡಿಯುತ್ತೆ, ನೀವು ಮುಂದೆ ಒತ್ತೀರಿ, ಮಧ್ಯ ಬಿಲ್ಲಿನ ಥರ ಬಾಗಿ ಸ್ವಲ್ಪ ದಿನಕ್ಕೆ ಹಿಂಜ್ ಹತ್ರ ಕೂದಲೆಳೆ ಬಿರುಕು ಕಾಣಿಸುತ್ತೆ. ಬಣ್ಣದಲ್ಲಿ ಬಿರುಕು ಅಂತ ಪೇಂಟರ್ ಮೇಲೆ ಹಾಕ್ತಾರೆ, ತಪ್ಪು ಸ್ಪ್ರಿಂಗ್‌ದು. ಹಗುರ ಸ್ಪ್ರಿಂಗ್ ಹಾಕಿ, ಅಥವಾ ಸ್ಪ್ರಿಂಗೇ ತೆಗೆದು ಒಂದು ಕೋಲು ಊರುಗೋಲಾಗಿ ಇಟ್ಕೊಳ್ಳಿ. ತೆಗೆಯುವಾಗ ಬಾನೆಟ್ ಪೂರ್ತಿ ತೆರೆದು ಭದ್ರವಾಗಿ ಆಧಾರ ಕೊಟ್ಟು, ಅದಕ್ಕೇ ಅಂತ ಸಿಗೋ ಟೂಲ್‌ನಲ್ಲಿ ತೆಗೀರಿ, ಕಣ್ಣಿಗೆ ಕನ್ನಡಕ ಇರಲಿ, ಸ್ಕ್ರೂಡ್ರೈವರ್ ಹಾಕಿ ಮೀಟೋಕೆ ಹೋಗಬೇಡಿ.

ಸಂದು ಹೊಂದಿಸೋದಕ್ಕೆ ತಾಳ್ಮೆ ಬೇಕು. ಬಾಗಿಲಿಗೂ ಫೆಂಡರ್‌ಗೂ ಸಂದು ಸರಿ ಇದೆಯಾ ಅಂತ ಮೊದಲು ನೋಡಿ, ಅದೇ ವಕ್ರ ಇದ್ರೆ ಬಾನೆಟ್ ಎಷ್ಟು ಅಲುಗಾಡಿಸಿದ್ರೂ ಕೂರಲ್ಲ. ಆಮೇಲೆ ಹಿಂಜ್ ಬೋಲ್ಟ್ ಸಡಿಲಿಸಿ ಹಿಂದೆ ಮುಂದೆ, ಮುಂದಿನ ರಬ್ಬರ್ ಬುಷ್ ತಿರುಗಿಸಿ ಮೇಲೆ ಕೆಳಗೆ, ಕೊನೇಗೆ ಲಾಕ್. ಎರಡೂ ಕಡೆ 4 ರಿಂದ 5 ಮಿ.ಮೀ. ಸಂದು ಒಂದೇ ಸಮ ಬಂದ್ರೆ ಬಹಳ ಒಳ್ಳೇ ಕೆಲಸ, ಆ ಕಾಲದಲ್ಲಿ ಫ್ಯಾಕ್ಟರಿಯಿಂದ ಬಂದ ಗಾಡಿಗಳೂ ಎಲ್ಲಾ ಅಷ್ಟು ನೀಟಾಗಿ ಇರ್ಲಿಲ್ಲ. ಅಂಚು ಕಮ್ಮಿ ಇದ್ರೆ ಪುಟ್ಟಿ (ಬಾಡಿ ಫಿಲ್ಲರ್) ಮೆತ್ತಬೇಡಿ, ಮ್ಯಾಟ್ ಮತ್ತೆ ರೆಸಿನ್ ಹಾಕಿ ಕಟ್ಟಿ ಉಜ್ಜಿ, ಪುಟ್ಟಿ ಅಂಚಲ್ಲಿ ನಿಲ್ಲಲ್ಲ.

ಏರ್ ಕ್ಲೀನರ್ ಮೇಲೆ ಎಷ್ಟು ಜಾಗ ಇದೆ ಅಂತ ತಿಳ್ಕೊಳ್ಳೋಕೆ ಮಕ್ಕಳ ಆಟದ ಜೇಡಿಮಣ್ಣು ನಾಲ್ಕು ಉಂಡೆ ಮಾಡಿ ಮೇಲಿಟ್ಟು ಬಾನೆಟ್ ಮುಚ್ಚಿ ತೆಗೀರಿ, ಚಪ್ಪಟೆ ಆದ ಉಂಡೆಯ ದಪ್ಪಾನೇ ನಿಮ್ಮ ಜಾಗ. ಒಂದು ಇಂಚಾದ್ರೂ ಉಳೀಬೇಕು, ಯಾಕಂದ್ರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ರಬ್ಬರ್ ಮೌಂಟ್ ಮೇಲೆ ಪಕ್ಕಕ್ಕೆ ಏಳುತ್ತೆ.

ಇಷ್ಟಾದ ಮೇಲೆ ಸ್ವಲ್ಪ ದಿನ ಬಣ್ಣ ಇಲ್ಲದೇನೇ ಓಡಿಸಿ, ನಿಮ್ಮ ಹ್ಯೂಸ್ಟನ್ ಬಿಸಿಲಲ್ಲಿ ನಿಲ್ಲಿಸಿ. ಪೂರ್ತಿ ಗಟ್ಟಿಯಾಗದ ರೆಸಿನ್ ಬಿಸಿಲಿಗೆ ಬಿಗಿದುಕೊಳ್ಳುತ್ತೆ, ಒಳಗಿನ ಗಾಳಿಗುಳ್ಳೆಗಳು ಮೇಲೆ ಬಂದು ಒಡೀತವೆ, ಕುಗ್ಗೋದು ತಿರುಚೋದು ಏನಿದ್ರೂ ಈಗಲೇ ಆಗಿಬಿಡುತ್ತೆ. ಆಮೇಲೆ ಪೇಂಟರ್ ಹತ್ರ ಕೊಡಿ. ಅಚ್ಚಿಂದ ಬಿಡಿಸೋಕೆ ಹಚ್ಚಿರೋ ಮೇಣ ಮೇಲೆ ಉಳಿದಿರುತ್ತೆ, ಅದನ್ನ ದ್ರಾವಕ ಹಾಕಿ ಒರೆಸಿದ ಮೇಲೇ ಎಮರಿ ಹಿಡೀಬೇಕು, ಇಲ್ಲಾಂದ್ರೆ ಮೇಣ ಗೀರಿನೊಳಗೆ ಹೋಗಿ ಪ್ರೈಮರ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಎಪಾಕ್ಸಿ ಪ್ರೈಮರ್ ಹಾಕಿಸಿ. ಕಪ್ಪು ಬಣ್ಣ ಬೇಕು ಅಂದ್ರೆ ಇನ್ನೊಮ್ಮೆ ಯೋಚನೆ ಮಾಡಿ, ಕಪ್ಪು ಬಿಸಿಲಲ್ಲಿ ಬಹಳ ಕಾಯುತ್ತೆ, ಕೆಳಗೆ ಅಂಟಿಸಿರೋ ಪಟ್ಟಿಗಳ ಗುರುತು ಮೇಲೆ ಮೂಡುತ್ತೆ. 1969ರ ಮ್ಯಾಕ್ 1 ಮಸ್ಟಾಂಗ್‌ಗೆ ಫೋರ್ಡ್ ಬಾನೆಟ್ ಮೇಲೆ ಹೊಳಪಿಲ್ಲದ ಕಪ್ಪು ಹೊಡೀತಿತ್ತು, ನಿಜ, ಆದ್ರೆ ಅದು ತಗಡಿನ ಬಾನೆಟ್.

ಪ್ರಶ್ನೆ (ದಾವಣಗೆರೆ, ಇಂಜಿನಿಯರಿಂಗ್ ವಿದ್ಯಾರ್ಥಿ): ಸ್ಕೂಪ್ ಹಾಕಿದ್ರೆ ಗಾಳಿ ನುಗ್ಗಿ ಟರ್ಬೋ ಥರ ಪವರ್ ಬರುತ್ತೆ ಅಂತ ಫ್ರೆಂಡ್ಸ್ ವಾದ ಮಾಡ್ತಾರೆ. ನಿಜಾನಾ?

ಉತ್ತರ: ಲೆಕ್ಕ ನೀವೇ ಹಾಕಿ, ನಿಮ್ಮ ಸಿಲೆಬಸ್‌ನಲ್ಲೇ ಇರೋ ಸೂತ್ರ. ಗಾಳಿಯ ಸಾಂದ್ರತೆಯ ಅರ್ಧವನ್ನ ವೇಗದ ವರ್ಗದಿಂದ ಗುಣಿಸಿದ್ರೆ ನುಗ್ಗೋ ಗಾಳಿಯ ಒತ್ತಡ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.8 ಮೀಟರ್, ಒತ್ತಡ ಸುಮಾರು 460 ಪಾಸ್ಕಲ್, ವಾತಾವರಣದ ಒತ್ತಡದ ಶೇ. ಅರ್ಧದಷ್ಟೂ ಇಲ್ಲ. 160 ಕಿ.ಮೀ.ಗೆ ಹೋದ್ರೂ ಶೇ. 1.2ರ ಹತ್ರ, ಅದೂ ಒಂಚೂರೂ ನಷ್ಟ ಇಲ್ಲದೆ ಎಲ್ಲಾ ಒಳಗೆ ಹೋದ್ರೆ. ಟರ್ಬೋಗೆ ಹೋಲಿಸೋ ಮಾತೇ ಇಲ್ಲ.

ಲಾಭ ಇರೋದು ತಂಪು ಗಾಳಿಯಲ್ಲಿ. ಗಾಳಿ ಸುಮಾರು 3 ಡಿಗ್ರಿ ತಣ್ಣಗಾದ್ರೆ ಸಾಂದ್ರತೆ ಶೇ. 1 ಏರುತ್ತೆ. ಬಾನೆಟ್ ಒಳಗೆ ರೇಡಿಯೇಟರ್ ದಾಟಿ ಬಂದ ಗಾಳಿ ಹೊರಗಿನದಕ್ಕಿಂತ 30 ಡಿಗ್ರಿ ಬಿಸಿ ಇದೆ ಅಂದ್ಕೊಳ್ಳಿ, ಆಗ ಹೊರಗಿನ ಗಾಳಿ ಕೊಟ್ರೆ ಶೇ. 10ರಷ್ಟು ಹೆಚ್ಚು ದಟ್ಟ ಗಾಳಿ ಸಿಕ್ಕಂಗಾಯ್ತು. ಆದ್ರೆ ಸ್ಕೂಪ್‌ನಿಂದ ಬಂದ ಗಾಳಿ ಸೀದಾ ಏರ್ ಕ್ಲೀನರ್‌ಗೆ ಹೋಗಬೇಕು, ಅದಕ್ಕೆ ಏರ್ ಕ್ಲೀನರ್ ಸುತ್ತ ತಟ್ಟೆ ಕೂರಿಸಿ ಫೋಮ್‌ನಿಂದ ಬಾನೆಟ್ಟಿಗೆ ಸೀಲ್ ಮಾಡಬೇಕು. ಸೀಲ್ ಇಲ್ಲದ ಸ್ಕೂಪ್ ಬರೀ ಅಲಂಕಾರ. 1969ರಲ್ಲಿ ಫೋರ್ಡ್ ಕೊಟ್ಟ ಶೇಕರ್ ಈ ಲೆಕ್ಕದಲ್ಲಿ ನನಗೆ ಬಹಳ ಇಷ್ಟ, ಸ್ಕೂಪನ್ನ ಏರ್ ಕ್ಲೀನರ್ ಮೇಲೇ ಕೂರಿಸಿ ಬಾನೆಟ್‌ನಲ್ಲಿ ತೂತು ಮಾಡಿ ಹೊರಗೆ ತೋರಿಸಿದ್ರು, ಇಂಜಿನ್ ಜೊತೆ ಅದೂ ನಡುಗುತ್ತೆ. ಮಾಮೂಲಿ ಮ್ಯಾಕ್ 1 ಮೇಲಿದ್ದ ಸ್ಕೂಪ್ ಮಾತ್ರ ಮುಚ್ಚಿದ್ದು, ಗಾಳಿ ಒಳಗೆ ಹೋಗ್ತಿರಲಿಲ್ಲ. ತೆರೆದ ಸ್ಕೂಪ್ ಇದ್ರೆ ಮಳೆ ನೀರು ಕಾರ್ಬೊರೇಟರ್‌ಗೆ ಹೋಗದಂಗೆ ತಟ್ಟೆಗೆ ನೀರಿಳಿಯೋ ದಾರಿ ಬೇಕು, ಇದನ್ನ ಬಹಳ ಜನ ಮರೀತಾರೆ.

ಪ್ರಶ್ನೆ (ನ್ಯೂಜೆರ್ಸಿ): ನನ್ನದು 1968ರ ಶೆವರ್ಲೆ ಕಮಾರೋ. 1969ರ ಕಮಾರೋದ ಕೌಲ್ ಇಂಡಕ್ಷನ್ ಬಾನೆಟ್ ಕಮ್ಮಿ ರೇಟಿಗೆ ಸಿಗ್ತಿದೆ. ಅದರ ಬಾಯಿ ಹಿಂದಕ್ಕೆ, ಗಾಜಿನ ಕಡೆಗಿದೆ, ಗಾಳಿ ಹೆಂಗೆ ಹೋಗುತ್ತೆ? ನನ್ನ ಗಾಡಿಗೆ ಕೂರುತ್ತಾ?

ಉತ್ತರ: ಕೂರಲ್ಲ, ತಗೋಬೇಡಿ. 1967, 1968 ಎರಡಕ್ಕೂ ಬಾನೆಟ್ ಒಂದೇ, 1969ದು ಬೇರೆ. ನಿಮ್ಮ ವರ್ಷಕ್ಕೇ ಅಂತ ಕೌಲ್ ಬಾನೆಟ್ ತಗಡಿನಲ್ಲೂ ಸಿಗುತ್ತೆ, ಫೈಬರ್‌ನಲ್ಲೂ ಸಿಗುತ್ತೆ. ದಿನಾ ಓಡಿಸೋ ಗಾಡಿಗೆ ನಾನಂತೂ ತಗಡಿನದ್ದೇ ಹೇಳ್ತೀನಿ, ಹಳೇ ಸ್ಪ್ರಿಂಗ್ ಹಳೇ ಲಾಕ್ ಹಂಗೇ ನಡೆಯುತ್ತೆ. ಉಬ್ಬಿನ ಎತ್ತರ 2 ಇಂಚು ಸಾಕು, 4 ಇಂಚಿನದು ಕೂತು ನೋಡಿದ್ರೆ ರಸ್ತೆ ಅಷ್ಟು ಮರೆಯಾಗುತ್ತೆ, ಎತ್ತರದ ಕಾರ್ಬೊರೇಟರ್ ಇದ್ರೆ ಮಾತ್ರ ಅದರ ಅಗತ್ಯ.

ಹಿಂದಕ್ಕೆ ಬಾಯಿ ಇಟ್ಟಿದ್ದು ಬುದ್ಧಿವಂತಿಕೆ. ಓಡೋ ಕಾರಿನ ಬಾನೆಟ್ ಮೇಲೆ ಗಾಳಿ ಜೋರಾಗಿ ಜಾರುತ್ತೆ, ಅಲ್ಲಿ ಒತ್ತಡ ಕಮ್ಮಿ, ಅದೇ ಗಾಳಿ ಮುಂದಿನ ಗಾಜಿಗೆ ಬಂದು ಡಿಕ್ಕಿ ಹೊಡೆದಾಗ ಗಾಜಿನ ಬುಡದಲ್ಲಿ ಒತ್ತಡ ಏರುತ್ತೆ, ಅಲ್ಲಿಂದ ಎಳ್ಕೊಳ್ಳೋದೇ ಕೌಲ್ ಇಂಡಕ್ಷನ್. ಶೆವರ್ಲೆಯವರು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಆ ಬಾಯಿಯ ಪುಟ್ಟ ಬಾಗಿಲು ತೆರೆಯೋ ಹಂಗೆ ಮಾಡಿದ್ರು. ಮುಂದಕ್ಕೆ ಬಾಯಿ ಇರೋ ಸ್ಕೂಪ್ ತಗ್ಗಾಗಿದ್ರೆ ಬಾನೆಟ್‌ಗೆ ಅಂಟಿಕೊಂಡು ಹೋಗೋ ನಿಧಾನದ ಗಾಳಿ ಮಾತ್ರ ಅದರ ಪಾಲಿಗೆ ಬರುತ್ತೆ.

ಪ್ರಶ್ನೆ (ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ): 1970ರ ಶೆವರ್ಲೆ ಶೆವೆಲ್‌ಗೆ ಫೈಬರ್ ಬಾನೆಟ್ ಹಾಕ್ಸಿದೀನಿ. ಫ್ರೀವೇಲಿ ಗಂಟೆಗೆ 70 ಮೈಲಿ ದಾಟಿದ್ರೆ ಮುಂದಿನ ಅಂಚು ಪಟಪಟ ಅಂತ ಮೇಲೇಳ್ತಾ ಇರುತ್ತೆ. ಲಾಕ್ ಬಿದ್ದಿದೆ. ಹಾಕಿದೋರು ಎಲ್ಲಾ ಫೈಬರ್ ಬಾನೆಟ್ಟೂ ಹಿಂಗೇ ಅಂತಾರೆ. ಜೊತೆಗೆ, ಹಳೇ ತಗಡಿನ ಬಾನೆಟ್ ಮಾರಿಬಿಡ್ಲಾ?

ಉತ್ತರ: ಇದು ಸರಿಯಾಗೋ ತನಕ ಫ್ರೀವೇಗೆ ಹೋಗಬೇಡಿ, ಮನೆಯೋರನ್ನ ಕೂರಿಸ್ಕೊಂಡು ಅಂತೂ ಬೇಡವೇ ಬೇಡ. ಲಾಕ್ ಬಿದ್ದಿದೆ ಅನ್ನೋದು ಸಾಕಾಗಲ್ಲ, ಲಾಕ್ ಕೊಂಡಿ ಕೂತಿರೋ ಫೈಬರ್ ಅಲ್ಲೇ ಹರಿದು ಬಂದ್ರೆ ಬಾನೆಟ್ ಹಿಂದಕ್ಕೆ ಮಗುಚಿ ಗಾಜಿಗೆ ಬಡಿಯುತ್ತೆ, ಆ ವೇಗದಲ್ಲಿ ಮುಂದೆ ಏನೂ ಕಾಣಲ್ಲ. ಎಲ್ಲಾ ಫೈಬರ್ ಬಾನೆಟ್ಟೂ ಹಿಂಗೇ ಅನ್ನೋ ಮಾತನ್ನ ನಾನು ಒಪ್ಪಲ್ಲ, ಸರಿಯಾಗಿ ಕೂರಿಸಿದ್ದು ಅಲುಗಾಡಲ್ಲ.

ಮುಂದಿನ ಎರಡೂ ಮೂಲೆಗೆ ಹುಡ್ ಪಿನ್ (ಬಾನೆಟ್ಟನ್ನ ಮೇಲಿಂದ ಬಿಗಿದು ಹಿಡಿಯೋ ಕಂಬ ಮತ್ತೆ ಪಿನ್) ಹಾಕ್ಸಿ. ಇದು ಶೋಕಿ ಅಲ್ಲ, ಮಸ್ಟಾಂಗ್‌ನಿಂದಲೇ ಮಾಡಿದ 1965ರ ಶೆಲ್ಬಿ ಜಿಟಿ350ಯ ಫೈಬರ್ ಬಾನೆಟ್‌ಗೆ ಪಿನ್ ಹಾಕೇ ಕೊಡ್ತಿದ್ರು. ಪಿನ್ ಕಂಬಗಳನ್ನ ರೇಡಿಯೇಟರ್ ಹಿಡ್ಕೊಂಡಿರೋ ಗಟ್ಟಿ ಫ್ರೇಮಿಗೆ ಬಿಗಿದು, ತುದಿಗೆ ಬಣ್ಣ ಹಚ್ಚಿ ಬಾನೆಟ್ ಮೆತ್ತಗೆ ಇಳಿಸಿದ್ರೆ ಒಳಗಡೆ ಗುರುತು ಬೀಳುತ್ತೆ, ಅಲ್ಲಿ ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಮೇಲೆ ಟೇಪ್ ಅಂಟಿಸಿ ಕೊರೆದ್ರೆ ಬಣ್ಣ ಕಿತ್ತು ಬರಲ್ಲ. ಪಿನ್‌ನ ಒತ್ತಡ ಒಂದೇ ಕಡೆ ಬೀಳದಂಗೆ ಲೋಹದ ತಟ್ಟೆ ಕೂರಿಸ್ಲೇಬೇಕು. ಪಿನ್ ಹಾಕಿದ್ರೂ ಲಾಕ್ ತೆಗೆಸಬೇಡಿ, ಎರಡೂ ಇರಲಿ. ಒಳಗಡೆ ಕೊಂಡಿ ಸುತ್ತ ಟಾರ್ಚ್ ಹಾಕಿ ನೋಡಿ, ಬಿಳಿ ಗೆರೆ ಥರ ಕಂಡ್ರೆ ಫೈಬರ್ ಆಗಲೇ ಬಿಡ್ತಾ ಇದೆ, ಅಲ್ಲಿ ಮ್ಯಾಟ್ ಹಾಕಿ ಬಲ ಕೊಡಿಸಿ, ಬಿರುಕು ಜಾಸ್ತಿ ಇದ್ರೆ ಬಾನೆಟ್ ಬದಲಾಯಿಸಿ. ಹಿಂಜ್ ಸ್ಪ್ರಿಂಗ್ ಹಳೇದೇ ಇದೆಯಾ ಅಂತಾನೂ ನೋಡಿ, ಮೇಲಿನ ಹ್ಯೂಸ್ಟನ್ ಓದುಗರಿಗೆ ಹೇಳಿದ್ದು ನಿಮಗೂ ಅನ್ವಯಿಸುತ್ತೆ.

ಹಳೇ ಬಾನೆಟ್ ಮಾರಬೇಡಿ. ಗಾಡಿಯ ಜೊತೆ ಹುಟ್ಟಿದ ತಗಡು ಮತ್ತೆ ಸಿಗಲ್ಲ, ಮುಂದೆ ಗಾಡಿ ಕೊಡುವಾಗ ಅದು ಜೊತೆಗಿದ್ರೆ ಬೆಲೆ ಮಾತಾಡೋಕೂ ನಿಮಗೆ ಬಲ. ಒಳಭಾಗದ ಮಡಿಕೆಗಳಿಗೆ ತುಕ್ಕು ಹಿಡಿಯದ ಎಣ್ಣೆ ಹೊಡೆದು, ಹಳೇ ಕಂಬಳಿ ಸುತ್ತಿ, ನೆಲದ ತೇವ ತಾಗದಂಗೆ ಎರಡು ಮರದ ತುಂಡಿನ ಮೇಲೆ ನಿಲ್ಲಿಸಿ. ಅದರ ಬೋಲ್ಟು, ಕೊಂಡಿ, ಈಗ ತೆಗೆಯೋ ಸ್ಪ್ರಿಂಗು ಎಲ್ಲಾ ಒಂದು ಡಬ್ಬಿಗೆ ಹಾಕಿ ಬಾನೆಟ್‌ಗೇ ಕಟ್ಟಿಡಿ.