ಪೈಲಟ್‌ಗೆ ಯೂನಿಯನ್ ಯಾಕೆ ಬೇಕು? ಮತ್ತೆ ಮತ್ತೆ ಬರುವ ಪ್ರಶ್ನೆಗೆ ಉತ್ತರ

ನಾನು ಮೂವತ್ತು ವರ್ಷ ವಿಮಾನ ಹಾರಿಸಿದವನು. ಅದರಲ್ಲಿ ಹನ್ನೊಂದು ವರ್ಷ ಪೈಲಟ್‌ಗಳ ಯೂನಿಯನ್ನಿನ ದೂರು ಸಮಿತಿಯಲ್ಲಿದ್ದೆ. ಕೆಳಗಿನ ಮೊದಲ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಪ್ರತಿ ಸಲವೂ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಯೂನಿಯನ್ ಅಂದರೇನು, ಒಪ್ಪಂದ ಅಂದರೇನು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಕಾಕ್‌ಪಿಟ್‌ನಲ್ಲಿ ಕೂರುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ನಾನು ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಸಹ ಪೈಲಟ್. ಸಂಬಳ ಚೆನ್ನಾಗಿದೆ, ಯಾರ ಜೊತೆಗೂ ತಕರಾರಿಲ್ಲ. ಯೂನಿಯನ್ ಇರುವುದು ಕಾರ್ಖಾನೆ ಕೆಲಸದವರಿಗೆ ಅಲ್ವಾ? ತಿಂಗಳು ತಿಂಗಳು ಚಂದಾ ಕಟ್ಟಿದರೆ ನನಗೇನು ಲಾಭ?

ಮೊದಲು ಆ ಕಾರ್ಖಾನೆಯ ಮಾತು ಬಿಡಿ. ಅಮೆರಿಕದಲ್ಲಿ ಪೈಲಟ್‌ಗಳ ಸಂಘ ಶುರುವಾಗಿದ್ದು 1931ರಲ್ಲಿ. ಕಟ್ಟಿದವರು ಡೇವಿಡ್ ಬೆಂಕೆ, ಅವರೂ ಪೈಲಟ್. ಆ ಕಾಲದಲ್ಲಿ ಹವಾಮಾನ ಎಷ್ಟೇ ಕೆಟ್ಟಿರಲಿ ಹಾರು ಅಂದರೆ ಹಾರಬೇಕಿತ್ತು. ಎಷ್ಟೋ ಪೈಲಟ್‌ಗಳು ಸತ್ತರು. 1932ರಲ್ಲಿ ಸೆಂಚುರಿ ಏರ್‌ಲೈನ್ಸ್ ಸಂಬಳ ಕಡಿತ ಮಾಡಿದಾಗ ಆ ಸಂಘದ ಮೊದಲ ಮುಷ್ಕರ ನಡೆಯಿತು. 1934ರಲ್ಲಿ ತಿಂಗಳಿಗೆ 85 ಗಂಟೆಗಿಂತ ಜಾಸ್ತಿ ಹಾರಿಸಬಾರದು ಎಂಬ ಮಿತಿ ಬಂತು. ಈಗ ನಿಮ್ಮ ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಇರುವ ಗಂಟೆಗಳ ಮಿತಿಯನ್ನು ಯಾವ ಮ್ಯಾನೇಜರೂ ದಯೆಯಿಂದ ಕೊಟ್ಟಿದ್ದಲ್ಲ. ಕೇಳಿದವರು ಇದ್ದರು, ಅದಕ್ಕೇ ಬಂತು.

ಈಗ ನಿಮ್ಮ ಲಾಭದ ವಿಷಯ. ನಮ್ಮ ಕೆಲಸದಲ್ಲಿ ಬೇರೆ ಯಾವ ಒಳ್ಳೆಯ ಸಂಬಳದ ಕೆಲಸದಲ್ಲೂ ಇಲ್ಲದ ಒಂದು ಕಟ್ಟು ಇದೆ. ಸಾಫ್ಟ್‌ವೇರ್‌ನವರಿಗೆ ಬಾಸ್ ಜೊತೆ ಸರಿಹೋಗದಿದ್ದರೆ ಬೇರೆ ಕಂಪನಿಗೆ ಹೋಗುತ್ತಾರೆ, ಹೋದಾಗ ಸಂಬಳವೂ ಏರುತ್ತದೆ. ಇಪ್ಪತ್ತು ವರ್ಷದ ಕ್ಯಾಪ್ಟನ್ ಬೇರೆ ದೊಡ್ಡ ವಿಮಾನ ಸಂಸ್ಥೆಗೆ ಹೋದರೆ ಹೆಚ್ಚಿನ ಕಡೆ ಸೀನಿಯಾರಿಟಿ ಪಟ್ಟಿಯ, ಅಂದರೆ ಸೇರಿದ ದಿನದ ಕ್ರಮದ ಪಟ್ಟಿಯ, ಕೊನೆಯಲ್ಲಿ ನಿಲ್ಲಬೇಕು. ಫಸ್ಟ್ ಆಫೀಸರ್ ಕೂರುವ ಬಲಗಡೆ ಸೀಟು, ಹೊಸಬರ ಸಂಬಳ, ಹಬ್ಬದ ದಿನ ಕರೆ ಬಂದರೆ ಹೊರಡಲು ಕಾಯುವ ಸ್ಟ್ಯಾಂಡ್‌ಬೈ. ಈ ಪಟ್ಟಿಯನ್ನು ಯೂನಿಯನ್ನುಗಳೇ ಜೋಪಾನ ಮಾಡಿಕೊಂಡು ಬಂದಿವೆ, ಅದನ್ನೂ ಹೇಳಬೇಕು. ಪಟ್ಟಿ ಇರುವುದರಿಂದ ಯಾರನ್ನು ಕ್ಯಾಪ್ಟನ್ ಮಾಡಬೇಕು ಅನ್ನುವುದು ಮೇಲಿನವರ ಮೆಚ್ಚುಗೆಗೆ ಬಿಟ್ಟ ವಿಷಯ ಆಗುವುದಿಲ್ಲ. ಆದರೆ ಅದೇ ಪಟ್ಟಿ ನಿಮ್ಮನ್ನು ಒಂದೇ ಕಡೆ ಕಟ್ಟಿಹಾಕುತ್ತದೆ. ಬಿಟ್ಟು ಹೋಗಲು ಆಗದವನಿಗೆ ಇದ್ದಲ್ಲೇ ಮಾತಾಡುವ ಶಕ್ತಿ ಬೇಕು. ಒಬ್ಬನೇ ಮಾತಾಡಿದರೆ ಅದು ಬರೀ ದೂರು. ಮೂರು ಸಾವಿರ ಜನ ಒಟ್ಟಿಗೆ ಕೂತು ಮಾತಾಡಿದರೆ ಅದು ಒಪ್ಪಂದ.

ಸಂಬಳ ಏರುತ್ತದಾ? ಏರುತ್ತದೆ. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯ ಪೈಲಟ್‌ಗಳು 2023ರಲ್ಲಿ ಒಪ್ಪಿದ ಒಪ್ಪಂದದಲ್ಲಿ ಒಟ್ಟು ಶೇಕಡಾ 34ರಷ್ಟು ಏರಿಕೆ ಇತ್ತು. ಆದರೆ ಹಿಂದಿನ ಒಪ್ಪಂದದ ಅವಧಿ 2019ರ ಕೊನೆಗೇ ಮುಗಿದಿತ್ತು. ನಡುವೆ ಮೂರು ವರ್ಷ ಕಾಯಬೇಕಾಯಿತು. ಸೇರಿದ ಮಾರನೇ ವರ್ಷವೇ ಚಂದಾ ಬಡ್ಡಿ ಸಮೇತ ವಾಪಸ್ ಬರಬೇಕು ಅನ್ನುವವರಿಗೆ ಯೂನಿಯನ್ ಸರಿಹೋಗುವುದಿಲ್ಲ.

ಕೆಟ್ಟ ಕಾಲದಲ್ಲಿ ಏನಾಯಿತು ಅಂತಲೂ ನೋಡಿ. 2020ರಲ್ಲಿ ವಿಮಾನಗಳು ನೆಲಕ್ಕೆ ಕೂತಾಗ ಅದೇ ಡೆಲ್ಟಾದಲ್ಲಿ 1700ಕ್ಕೂ ಹೆಚ್ಚು ಪೈಲಟ್‌ಗಳನ್ನು ಮನೆಗೆ ಕಳಿಸುವ ಮಾತು ಬಂದಿತ್ತು. ಯೂನಿಯನ್ ಕೂತು ಮಾತಾಡಿತು. ಎಲ್ಲರ ಖಾತ್ರಿ ಗಂಟೆಗಳಲ್ಲಿ, ಅಂದರೆ ಹಾರಿಸದಿದ್ದರೂ ಸಂಬಳ ಸಿಗುವ ಗಂಟೆಗಳಲ್ಲಿ, ಶೇಕಡಾ 5 ಕಡಿಮೆ ಮಾಡಿಕೊಳ್ಳಲು ಒಪ್ಪಿದರು, ಆ 1700 ಜನರ ಕೆಲಸ ಉಳಿಯಿತು. ಅದೇ ವರ್ಷ ಯೂನಿಯನ್ನಿಗೆ ಕಾನೂನೇ ಅವಕಾಶ ಕೊಡದ ಕೊಲ್ಲಿ ದೇಶದಲ್ಲೂ ಪೈಲಟ್‌ಗಳು ಕೆಲಸ ಕಳೆದುಕೊಂಡರು. ಅವರ ಪರವಾಗಿ ಕೂತು ಮಾತಾಡಲು ಮೇಜಿನ ಈಚೆ ಕಡೆ ಯಾರೂ ಇರಲಿಲ್ಲ.

ಆದರೂ ನನ್ನನ್ನು ಕೇಳಿದರೆ ಸಂಬಳ ಎರಡನೇ ಮಾತು. ಯೂನಿಯನ್ ನಿಜವಾಗಿ ಬೇಕಾಗುವುದು ನೀವು "ಇಲ್ಲ, ಆಗುವುದಿಲ್ಲ" ಅಂದ ದಿನ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಮೂರು ದಿನ ಸತತ ಬೆಳಗಿನ ಜಾವದ ಡ್ಯೂಟಿ, ನಾಲ್ಕನೇ ದಿನ ರಾತ್ರಿ ಡ್ಯೂಟಿ. ವಿಮಾನ ತಡವಾಯಿತು. ಡ್ಯೂಟಿ ಇನ್ನೂ ಎರಡು ಗಂಟೆ ಮುಂದುವರಿಸಿ ಅಂತ ಫೋನ್ ಬಂತು. ಆತ ಸುಸ್ತಾಗಿದೆ, ಹಾರಿಸಲಾರೆ ಅಂದ. ಎರಡು ದಿನ ಬಿಟ್ಟು ಕಚೇರಿಗೆ ಕರೆದರು. ಎದುರಿಗೆ ನಾಲ್ಕು ಜನ, ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ತಪ್ಪೊಪ್ಪಿಗೆ ಪತ್ರ. ಆತ ಸದಸ್ಯ. ಪಕ್ಕದಲ್ಲಿ ನಾನು ಕೂತೆ. ರೋಸ್ಟರ್, ಹೋಟೆಲ್ ತಲುಪಿದ ಸಮಯ, ಮತ್ತೆ ಎದ್ದ ಸಮಯ, ಎಲ್ಲವನ್ನೂ ಮುಂದಿಟ್ಟೆವು. ಅರ್ಧ ಗಂಟೆಯಲ್ಲಿ ಪತ್ರ ವಾಪಸ್ ಹೋಯಿತು. ಅದೇ ತಿಂಗಳು ಇನ್ನೊಬ್ಬ, ಸದಸ್ಯ ಅಲ್ಲದವನು, ಒಬ್ಬನೇ ಹೋಗಿ ಅಂಥದ್ದೇ ಪತ್ರಕ್ಕೆ ಸಹಿ ಹಾಕಿ ಬಂದ. ಕ್ಯಾಪ್ಟನ್ ಬಡ್ತಿಯ ಹೊತ್ತಿಗೆ ಆ ಪತ್ರ ಫೈಲಿನಿಂದ ಹೊರಗೆ ಬಂತು. ಇಬ್ಬರೂ ಮಾಡಿದ್ದು ಸರಿಯಾದ ಕೆಲಸವೇ. ನನಗೆ ಈಗಲೂ ಆ ಎರಡನೆಯ ಹುಡುಗನನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಸುಸ್ತು ಸಣ್ಣ ವಿಷಯ ಅಂತ ಇನ್ನೂ ಅನ್ನಿಸಿದರೆ 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಬಿದ್ದ ಕೋಲ್ಗನ್ ಏರ್ 3407 ವಿಮಾನದ ವರದಿ ಓದಿ. 50 ಜನ ಸತ್ತರು. ಫಸ್ಟ್ ಆಫೀಸರ್ ಹಿಂದಿನ ರಾತ್ರಿ ದೇಶದ ಆ ತುದಿಯಿಂದ ಈ ತುದಿಗೆ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಸತ್ತವರ ಮನೆಯವರೂ ಪೈಲಟ್ ಸಂಘಗಳೂ ಬೆನ್ನು ಬಿಡದೆ ಹಿಡಿದ ಮೇಲೆ 2014ರಲ್ಲಿ ಅಮೆರಿಕದಲ್ಲಿ ಹೊಸ ವಿಶ್ರಾಂತಿ ನಿಯಮ ಜಾರಿಗೆ ಬಂತು. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ಸರಕು ವಿಮಾನದವರನ್ನು ಮಾತ್ರ ಆ ನಿಯಮದಿಂದ ಹೊರಗಿಟ್ಟರು. ಸರಕು ಹೊತ್ತ ಪೈಲಟ್‌ಗೆ ನಿದ್ದೆ ಬೇಡವೇ? ಆ ಜಗಳ ಸಂಘಗಳು ಇನ್ನೂ ಬಿಟ್ಟಿಲ್ಲ, ಬಿಡಲೂಬಾರದು.

ಇನ್ನೂ ಒಂದು ಇದೆ, ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನಮ್ಮ ಅನ್ನ ಒಂದು ಮೆಡಿಕಲ್ ಸರ್ಟಿಫಿಕೇಟ್ ಮೇಲೆ ನಿಂತಿದೆ. ಕುಡಿತದ ತೊಂದರೆ ಇರುವ ಪೈಲಟ್‌ಗಳಿಗೆ ಚಿಕಿತ್ಸೆ ಕೊಡಿಸಿ, ನಿಗಾ ಇಟ್ಟು, ಮತ್ತೆ ಕಾಕ್‌ಪಿಟ್‌ಗೆ ತರುವ ವ್ಯವಸ್ಥೆಯನ್ನು 1970ರ ದಶಕದಲ್ಲಿ ಶುರು ಮಾಡಿದ್ದು ಅಮೆರಿಕದ ಪೈಲಟ್ ಸಂಘವೇ. ಅದಕ್ಕೆ ಮುಂಚೆ ಜನ ಮುಚ್ಚಿಟ್ಟುಕೊಂಡು ಹಾರಿಸುತ್ತಿದ್ದರು. ಲೈಸೆನ್ಸ್ ಕಳೆದುಕೊಂಡರೆ ಹಣ ಸಿಗುವ ವಿಮೆ, ಅಪಘಾತವಾದ ರಾತ್ರಿ ಫೋನ್ ಎತ್ತುವ ವಕೀಲ, ಜೊತೆಗೆ ಬಂದು ಕೂರುವ ಇನ್ನೊಬ್ಬ ಪೈಲಟ್, ಎಷ್ಟೋ ಸಂಘಗಳಲ್ಲಿ ಇವೆಲ್ಲ ಆ ಚಂದಾ ಹಣದಲ್ಲೇ ನಡೆಯುತ್ತವೆ.

ಸೇರಿದರೆ ಎಲ್ಲಾ ಗೆಲ್ಲುತ್ತೀರಿ ಅಂತ ನಾನು ಹೇಳುವುದಿಲ್ಲ. 1983ರಲ್ಲಿ ಅಮೆರಿಕದ ಕಾಂಟಿನೆಂಟಲ್ ವಿಮಾನ ಸಂಸ್ಥೆ ದಿವಾಳಿ ಅರ್ಜಿ ಹಾಕಿ ಪೈಲಟ್‌ಗಳ ಒಪ್ಪಂದವನ್ನೇ ಕಿತ್ತುಹಾಕಿತು. ಎರಡು ವರ್ಷ ಮುಷ್ಕರ ಮಾಡಿಯೂ ಪೈಲಟ್‌ಗಳು ಸೋತರು. 1989ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಸಂಘ ಒಂದೇ ಸಲ ಶೇಕಡಾ 29.47 ಏರಿಕೆ ಕೇಳಿತು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮಾತ್ರ ಹಾರಿಸುತ್ತೇವೆ ಅಂತ ಕೂತರು. ಪ್ರಧಾನಿ ಬಾಬ್ ಹಾಕ್ ಪ್ರಯಾಣಿಕರನ್ನು ಒಯ್ಯಲು ವಾಯುಪಡೆಯ ವಿಮಾನ ಬಳಸಿದರು. 1600ಕ್ಕೂ ಹೆಚ್ಚು ಪೈಲಟ್‌ಗಳು ಒಟ್ಟಿಗೆ ರಾಜೀನಾಮೆ ಕೊಟ್ಟರು. ಎಷ್ಟೋ ಜನ ಮತ್ತೆ ಆ ಕೆಲಸಕ್ಕೆ ಮರಳಲೇ ಇಲ್ಲ. ನಾಯಕರು ಹಟಕ್ಕೆ ಬಿದ್ದರೆ ಹೀಗೂ ಆಗುತ್ತದೆ. ಅದಕ್ಕೇ ಸೇರಿದ ಮೇಲೆ ಸುಮ್ನೆ ಮನೆಯಲ್ಲಿ ಕೂರಬೇಡಿ. ಸಭೆಗೆ ಹೋಗಿ, ಓಟು ಹಾಕಿ, ಒಪ್ಪಂದದ ಕರಡು ಸಾಲು ಸಾಲಾಗಿ ಓದಿ.

ಸೇರುವ ಮುಂಚೆ ಒಂದು ಎಚ್ಚರಿಕೆ. ನಿಮ್ಮ ಸಂಸ್ಥೆಯ ಜೊತೆ ಸಹಿಯಾದ ಒಪ್ಪಂದ ಆ ಯೂನಿಯನ್ನಿಗೆ ಇದೆಯೇ ಅಂತ ಕೇಳಿ. ಲೆಕ್ಕಪತ್ರ ಸದಸ್ಯರಿಗೆ ತೋರಿಸುತ್ತಾರಾ ಕೇಳಿ. ಎರಡೂ ಇಲ್ಲದಿದ್ದರೆ ಅದು ಬರೀ ಲೆಟರ್‌ಹೆಡ್. ಎರಡೂ ಇದ್ದರೆ ಈ ತಿಂಗಳೇ ಸೇರಿ. ತೊಂದರೆ ಬಂದ ಮೇಲೆ ಓಡಿ ಬಂದವರಿಗೆ ಹಳೇ ಪ್ರಕರಣದಲ್ಲಿ ವಕೀಲರನ್ನು ಕೊಡಲು ಹೆಚ್ಚಿನ ಸಂಘಗಳ ನಿಯಮ ಒಪ್ಪುವುದಿಲ್ಲ. ಎಷ್ಟೋ ಜನರಿಗೆ ಇದನ್ನು ಮುಖ ನೋಡಿ ಹೇಳಬೇಕಾಗಿ ಬಂದಿದೆ. ನಿಮಗೆ ಹೇಳುವ ಹಾಗಾಗಬಾರದು.

ಪ್ರಶ್ನೆ: ಸದಸ್ಯನಾಗದಿದ್ದರೂ ಒಪ್ಪಂದದ ಸಂಬಳ ಎಲ್ಲರಿಗೂ ಸಿಗುತ್ತಲ್ಲ?

ಹೆಚ್ಚಿನ ಕಡೆ ಸಿಗುತ್ತದೆ. ಪಕ್ಕದ ಸೀಟಿನವರು ಕಟ್ಟಿದ ದುಡ್ಡಿನಲ್ಲಿ ಸಿಗುತ್ತದೆ.

ಪ್ರಶ್ನೆ: ಫೀಸು ತಗೊಂಡು ನನ್ನೊಬ್ಬನ ಸಂಬಳ ಮಾತಾಡಿ ಜಾಸ್ತಿ ಮಾಡಿಸುತ್ತೇನೆ ಅನ್ನುವ ಸಲಹೆಗಾರರು ಸಿಕ್ಕಿದ್ದಾರೆ. ನಂಬಬಹುದೇ?

ನಂಬಬೇಡಿ. ಸಂಬಳ ಸೀನಿಯಾರಿಟಿ ಮತ್ತು ವಿಮಾನದ ಮಾದರಿಯ ಮೇಲೆ ಮೊದಲೇ ಅಚ್ಚಾಗಿರುವ ಕಡೆ ನಿಮ್ಮೊಬ್ಬರ ಸಂಬಳ ಅನ್ನುವುದೇ ಇಲ್ಲ. ಇಲ್ಲದ್ದನ್ನು ಮಾರುವವರಿಗೆ ನಮ್ಮ ಹುಡುಗರು ದುಡ್ಡು ಕೊಡುವುದು ನೋಡಿದರೆ ಕೋಪ ಬರುತ್ತದೆ.

ಪ್ರಶ್ನೆ: ಯೂನಿಯನ್ ಇದ್ದರೆ ಕೆಲಸ ಬಾರದ ಪೈಲಟ್‌ಗಳೂ ಉಳಿದುಕೊಳ್ಳುತ್ತಾರೆ ಅಂತಾರೆ. ನಿಜವೇ?

ಸಿಮ್ಯುಲೇಟರ್ ಪರೀಕ್ಷೆಯಲ್ಲಿ, ಅಂದರೆ ನಕಲಿ ಕಾಕ್‌ಪಿಟ್‌ನಲ್ಲಿ ಹಾರಿಸಿ ತೋರಿಸುವ ಪರೀಕ್ಷೆಯಲ್ಲಿ, ಯೂನಿಯನ್ ಪಾಸು ಮಾಡಿಸುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯುವ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮ ಮಾತು ಕೇಳುತ್ತಿಲ್ಲ. ಎಲ್ಲರೂ ಒಂದೇ ದಿನ ಹುಷಾರಿಲ್ಲ ಅಂತ ರಜೆ ಹಾಕೋಣ ಅಂತ ಗ್ರೂಪಿನಲ್ಲಿ ಮಾತು ನಡೆದಿದೆ. ಸೇರಲೇ?

ಬೇಡ. ಆ ಗ್ರೂಪಿನಲ್ಲಿ ಒಂದಕ್ಷರವೂ ಬರೆಯಬೇಡಿ. 1999ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಹೀಗೇ ರಜೆ ಹಾಕಿದರು. ಕೆಲಸಕ್ಕೆ ಮರಳಿ ಅಂತ ಕೋರ್ಟ್ ಹೇಳಿದ ಮೇಲೂ ನಿಲ್ಲಲಿಲ್ಲ. ಅವರ ಯೂನಿಯನ್ನಿಗೆ 4.5 ಕೋಟಿ ಡಾಲರ್‌ಗಿಂತ ಹೆಚ್ಚು ದಂಡ ಬಿತ್ತು. ಮುಷ್ಕರ ಮಾಡಲೇಬೇಕಾದರೆ ಕಾನೂನಿನಂತೆ ನೋಟಿಸು ಕೊಟ್ಟು, ಓಟು ಹಾಕಿ, ಹೆಸರು ಹೇಳಿಕೊಂಡು ಮಾಡಿ. ಮತ್ತೆ, ನಿಜವಾಗಿ ಹುಷಾರಿಲ್ಲದ ದಿನ ಮಾತ್ರ ಹುಷಾರಿಲ್ಲ ಅನ್ನಿ. ಆ ಮಾತನ್ನು ಒಮ್ಮೆ ಸುಳ್ಳಿಗೆ ಬಳಸಿದರೆ, ಸುಸ್ತಾಗಿ ಹಾರಿಸಲಾರೆ ಅಂದ ಆ ಹುಡುಗನ ಮಾತನ್ನೂ ಯಾರೂ ನಂಬುವುದಿಲ್ಲ.